ಮಣ್ಣಿನ ಬ್ಯಾಕ್ಟೀರಿಯಾದಿಂದ ಹೆಪಟೈಟಿಸ್‌ಗೆ ಔಷಧಿ ಬಂತಾ?

ಪ್ರಶ್ನೆ: ನನ್ನ ಅಣ್ಣಂಗೆ ಹೆಪಟೈಟಿಸ್ ಬಿ ಇದೆ, ಡಾಕ್ಟ್ರು ದಿನಾ ಒಂದು ಟೆನೋಫೋವಿರ್ ಮಾತ್ರೆ ಕೊಟ್ಟಿದಾರೆ, ಸದ್ಯಕ್ಕೆ ನಿಲ್ಸೋ ಹಾಗಿಲ್ಲ ಅಂತಾರೆ. ಮಣ್ಣಿನ ಬ್ಯಾಕ್ಟೀರಿಯಾದಿಂದ ಲಿವರ್ ವೈರಸ್ಸಿಗೆ ನ್ಯಾಚುರಲ್ ಔಷಧಿ ಸಿಕ್ಕಿದೆ ಅಂತ ವಾಟ್ಸಾಪಲ್ಲಿ ಬಂತು, ಅದನ್ನ ನೋಡಿ ಅದು ಬರೋತನಕ ನಾಟಿ ಔಷಧಿ ಸಾಕು ಅಂತ ಹಠ ಹಿಡ್ದಿದಾನೆ. ಏನು ಹೇಳೋದು?
(ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಮಾತ್ರೆ ಬಿಡೋಕೆ ಮಾತ್ರ ಬಿಡ್ಬೇಡಿ ಮಾರಾಯ್ರೆ. ಟೆನೋಫೋವಿರ್ ವೈರಸ್ಸನ್ನ ಪೂರ್ತಿ ತೆಗೆಯಲ್ಲ, ಹೆಚ್ಚಾಗದ ಹಾಗೆ ತಡೀತದೆ ಅಷ್ಟೇ, ಅದರ ಡಿಎನ್‌ಎ ಲಿವರ್ ಜೀವಕೋಶದ ನ್ಯೂಕ್ಲಿಯಸ್ಸಲ್ಲಿ ಗಟ್ಟಿಯಾಗಿ ಕೂತಿರ್ತದೆ, ಹಾಗಾಗಿ ತಾನಾಗೇ ನಿಲ್ಲಿಸಿದ್ರೆ ವೈರಸ್ ಮತ್ತೆ ಏಳ್ತದೆ, ಕೆಲವರಿಗೆ ಲಿವರ್ ಒಮ್ಮೆಲೇ ಕೆಟ್ಟು ಜೀವಕ್ಕೇ ಬರ್ತದೆ.

ಆ ಮೆಸೇಜು ಪೂರ್ತಿ ಸುಳ್ಳೇನಲ್ಲ. ಮೊದಲ ಮಳೆ ಬಿದ್ದಾಗ ನಮ್ಮ ತೋಟದಲ್ಲಿ ಏಳೋ ಮಣ್ಣಿನ ವಾಸನೆಗೆ ಕಾರಣವಾದ ಸ್ಟ್ರೆಪ್ಟೋಮೈಸಿಸ್ ಅನ್ನೋ ಬ್ಯಾಕ್ಟೀರಿಯಾ ಇದೆಯಲ್ಲ, ಅದೇ ಗುಂಪಿಂದ 1943ರಲ್ಲಿ ಟಿಬಿಯ ಔಷಧಿ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು. ವೈರಸ್ ವಿಷಯಕ್ಕೆ ಬಂದ್ರೆ ಸೊರಾಫೆನ್ ಅಂತ ಒಂದಿದೆ, ಸೊರಾಂಜಿಯಮ್ ಅನ್ನೋ ಮಣ್ಣಿನ ಬ್ಯಾಕ್ಟೀರಿಯಾ ಮಾಡೋದು. ಹೆಪಟೈಟಿಸ್ ಸಿ ವೈರಸ್ಸಿಗೆ ಬೆಳೆಯೋಕೆ ಜೀವಕೋಶದ ಕೊಬ್ಬು ಬೇಕು, ಸೊರಾಫೆನ್ ಆ ಕೊಬ್ಬು ತಯಾರಾಗೋ ಎಂಜೈಮನ್ನೇ ತಡೀತದೆ, ಲ್ಯಾಬಲ್ಲಿ ಬೆಳೆಸಿದ ಲಿವರ್ ಜೀವಕೋಶಗಳಲ್ಲಿ ವೈರಸ್ ಇಳಿದೂ ಇದೆ. ಆದ್ರೆ ಆ ಎಂಜೈಮು ನಮ್ಮ ಸ್ವಂತ ಜೀವಕೋಶಕ್ಕೂ ಬೇಕಲ್ಲ! ಇದೇ ಸೊರಾಫೆನ್ನನ್ನ ಮೊದಲು ಬೆಳೆಗಳ ಶಿಲೀಂಧ್ರನಾಶಕ ಮಾಡೋಕೆ ನೋಡಿದ್ರು, ಗರ್ಭದ ಮರಿಗಳ ಮೇಲೆ ಕೆಟ್ಟ ಪರಿಣಾಮ ಕಂಡು ಕೈಬಿಟ್ರು. ನ್ಯಾಚುರಲ್ ಅಂದ ತಕ್ಷಣ ಸಾಧು ಅಂತ ತಿಳ್ಕೊಳ್ಳೋರಿಗೆ ಇದನ್ನ ಹೇಳಿ. ನಮೀಬಿಯಾ ಮಣ್ಣಿನ ಬ್ಯಾಕ್ಟೀರಿಯಾದಿಂದ ಬಂದ ಲ್ಯಾಬಿರಿಂಥೋಪೆಪ್ಟಿನ್ ಇನ್ನೊಂದು, ಅದು ವೈರಸ್ಸಿನ ಹೊರಗಿನ ಕೊಬ್ಬಿನ ಪೊರೆ ಒಡೀತದೆ, ಅದೂ ಲ್ಯಾಬ್ ದಾಟಿ ಮೆಡಿಕಲ್ ಶಾಪಿಗೆ ಬಂದಿಲ್ಲ.

ಅಣ್ಣನ ಬಿ ವೈರಸ್ಸಿಗೂ ಒಂದು ಕಥೆ ಇದೆ. ಸ್ಟ್ರೆಪ್ಟೋಮೈಸಿಸ್‌ನಲ್ಲೂ ಸಿಗೋ ವಿಡಾರಬಿನ್ ಅನ್ನೋದನ್ನ 1970-80ರ ದಶಕದಲ್ಲಿ ಹೆಪಟೈಟಿಸ್ ಬಿ ರೋಗಿಗಳಿಗೇ ಕೊಟ್ಟು ನೋಡಿದ್ರು, ವೈರಸ್ ಕಡಿಮೆಯಾಗಿದ್ದು ಹೌದು, ಆದ್ರೆ ನರಗಳ ನೋವು ಬಂದಿದ್ರಿಂದ ಆ ಔಷಧಿ ಬಳಕೆಲಿ ಉಳೀಲಿಲ್ಲ. ಸಿ ವೈರಸ್ಸಿಗಂತೂ ಈಗ ಕಾಯೋ ಅಗತ್ಯನೇ ಇಲ್ಲ, 2013ರಲ್ಲಿ ಬಂದ ಸೊಫೋಸ್ಬುವಿರ್ ಜೊತೆ ಇನ್ನೊಂದು ಮಾತ್ರೆ ಸೇರಿಸಿ ಸಾಮಾನ್ಯವಾಗಿ 12 ವಾರ ಕೊಟ್ರೆ ನೂರಕ್ಕೆ ತೊಂಬತ್ತೈದು ಜನಕ್ಕೆ ಗುಣ ಆಗ್ತದೆ, ಅದು ಫ್ಯಾಕ್ಟರಿಲಿ ಮಾಡಿದ್ದೇ.

ಇನ್ನು ನಾಟಿ ಔಷಧಿ. ಮಲೆನಾಡಲ್ಲಿ ಕಾಮಾಲೆ ಅಂದ್ರೆ ನೆಲನೆಲ್ಲಿ ಅರೆದು ಕೊಡೋರು ಊರಿಗೊಬ್ರು ಸಿಗ್ತಾರೆ, ಗುಣ ಆಯ್ತು ಅನ್ನೋರೂ ಸಿಗ್ತಾರೆ, ಯಾಕಂದ್ರೆ ನೀರಿಂದ ಬರೋ ಎ ಮತ್ತು ಇ ಕಾಮಾಲೆ ಬಹುತೇಕ ಜನಕ್ಕೆ ಕೆಲ ವಾರದಲ್ಲಿ ತಾನೇ ಇಳೀತದೆ, ಹೆಸರು ಮಾತ್ರ ಸೊಪ್ಪಿಗೆ. ಬಿ ಹಾಗಲ್ಲ. ಹೆಪಟೈಟಿಸ್ ಬಿ ಕಂಡುಹಿಡಿದ ಬ್ಲುಂಬರ್ಗ್ ಅವರೇ ಚೆನ್ನೈ ಡಾಕ್ಟ್ರುಗಳ ಜೊತೆ 1988ರಲ್ಲಿ ನೆಲನೆಲ್ಲಿಯನ್ನ ಬಿ ರೋಗಿಗಳಿಗೆ ಕೊಟ್ಟು ಒಳ್ಳೇ ಫಲಿತಾಂಶ ಬರೆದಿದ್ರು, ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಸೊಪ್ಪು ತಿಂದ್ರೆ ಬೈಯ್ಯೋಕೆ ಹೋಗಲ್ಲ, ಆದ್ರೆ ಯಾವ ಕಷಾಯ ಅಂತ ಡಾಕ್ಟ್ರಿಗೆ ಮುಚ್ಚಿಡದೆ ಹೇಳ್ಲಿ, ಲಿವರಿಗೇ ತಾಗೋ ಬೇರು ಸೊಪ್ಪೂ ಇದಾವೆ.

ದುಡ್ಡಿನ ಚಿಂತೆ ಇದ್ರೆ, 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಮಾತ್ರೆ ಫ್ರೀ, ಜಿಲ್ಲಾ ಆಸ್ಪತ್ರೆಲಿ ವಿಚಾರಿಸಿ. ಅಂದಹಾಗೆ ಅತ್ತಿಗೆ, ಮಕ್ಕಳು, ನೀವು ರಕ್ತ ಟೆಸ್ಟ್ ಮಾಡ್ಸಿದೀರಾ, ಪತ್ರದಲ್ಲಿ ಬರೆದಿಲ್ಲ. ನೆಗೆಟಿವ್ ಬಂದೋರು, ಮೊದಲೇ ಹಾಕ್ಸಿಲ್ಲ ಅಂದ್ರೆ, ಮೂರು ಡೋಸ್ ಲಸಿಕೆ ಹಾಕ್ಸಿಕೊಳ್ಳಿ.