ಅಂಗ್ಕೋರ್‌ಗೆ ಹೊರಡುವ ಮುಂಚೆ ಒಮ್ಮೆ ಬಾದಾಮಿಗೆ ಹೋಗಿ ಬನ್ನಿ

ಓದುಗರ ಪ್ರಶ್ನೆ, ಕ್ಯಾಮೆರಾದವರ ಉತ್ತರ

ಈ ತಿಂಗಳು ಬಂದ ಪತ್ರಗಳೆಲ್ಲ ಪರದೇಶ ಪ್ರವಾಸದ್ದೇ. ಬಾಗಲಕೋಟೆ ನವನಗರದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ಕುಬಸ, ಪಾಸ್‌ಪೋರ್ಟ್ ಫೋಟೋ ನನ್ನ ದಿನದ ಕೆಲಸ. ಕೂಡಿಟ್ಟ ದುಡ್ಡಲ್ಲಿ ಕಾಂಬೋಡಿಯಾ, ಟರ್ಕಿ ನೋಡಿ ಬಂದಿದ್ದೇನೆ. ಆ ಅನುಭವದಿಂದಲೇ ಉತ್ತರ ಬರೆಯುತ್ತಿದ್ದೇನೆ.

ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ಡಿಸೆಂಬರಿನಲ್ಲಿ ಮನೆಯವರ ಜೊತೆ ಕಾಂಬೋಡಿಯಾದ ಅಂಗ್ಕೋರ್ ವಾಟ್ ಗುಡಿ ನೋಡಲು ಹೊರಟಿದ್ದೇನೆ. ನನ್ನ ಹತ್ತಿರ ನಿಕಾನ್ ಡಿ5600 ಮತ್ತು 18-140 ಲೆನ್ಸ್ ಇದೆ. 70-200 ಎಫ್ 2.8 ದೊಡ್ಡ ಲೆನ್ಸ್ ಇಲ್ಲದೆ ಹೋಗಬೇಡಿ ಎಂದು ಗೆಳೆಯರು ಹೇಳುತ್ತಾರೆ. ಕೊಳ್ಳಲೇ?
– ಇಳಕಲ್

ಬೇಡ ಗುರುಗಳೇ. ಆ ಲೆನ್ಸ್ ಒಂದೇ 1430 ಗ್ರಾಂ ತೂಗುತ್ತದೆ. ನಿಮ್ಮ ಬಾಡಿ ಬ್ಯಾಟರಿ ಸಮೇತ 465 ಗ್ರಾಂ, 18-140 ಲೆನ್ಸ್ ಸುಮಾರು 490 ಗ್ರಾಂ. ಎರಡೂ ಸೇರಿ ಒಂದು ಕಿಲೋ ಆಗುವುದಿಲ್ಲ. ಅಂಗ್ಕೋರ್‌ನಲ್ಲಿ ಬೆಳಗಿನಿಂದ ಸಂಜೆವರೆಗೆ ನಡೆಯಬೇಕು. ನಡುಗೋಪುರದ ಹಂತಕ್ಕೆ ಹತ್ತುವ ಮೆಟ್ಟಿಲು ತೀರಾ ಕಡಿದು. ಕೊರಳಲ್ಲಿ ಭಾರ ಜಾಸ್ತಿಯಾದರೆ ಮಧ್ಯಾಹ್ನಕ್ಕೇ ಕ್ಯಾಮೆರಾ ಚೀಲ ಸೇರುತ್ತದೆ.

ಕೊಳ್ಳಲೇಬೇಕು ಅಂದರೆ 35 ಎಂಎಂ ಎಫ್ 1.8 ಡಿಎಕ್ಸ್ ಲೆನ್ಸ್ ಕೊಳ್ಳಿ. 200 ಗ್ರಾಂ ಅಷ್ಟೇ, ಅಂಗಿ ಜೇಬಿಗೆ ಹಿಡಿಸುತ್ತದೆ. ಕಲ್ಲಿನ ಪಡಸಾಲೆಗಳ ಒಳಗೆ ಬೆಳಕು ಕಡಿಮೆ, ಬಾಯಿ ದೊಡ್ಡದಿರುವ ಈ ಲೆನ್ಸ್ ಅಲ್ಲಿ ಕೈ ಹಿಡಿಯುತ್ತದೆ. ಪೂರ್ವದ ಪಡಸಾಲೆಯಲ್ಲಿ ಸಮುದ್ರ ಮಥನದ ಉದ್ದನೆ ಕೆತ್ತನೆ ಇದೆ. ಬೆಳಿಗ್ಗೆ ಕಂಬಗಳ ಸಂದಿಯಿಂದ ಅದರ ಮೇಲೆ ಬೆಳಕು ಓರೆಯಾಗಿ ಬೀಳುತ್ತದೆ. ಹಗ್ಗದಂತೆ ಹಾವನ್ನು ಹಿಡಿದೆಳೆಯುವ ಅಸುರರ ಬೆರಳು ಒಂದೊಂದೂ ಎದ್ದು ಕಾಣುತ್ತವೆ.

ಈಗ ನಾನು ಕಾಳಜಿಯಿಂದ ಹೇಳುವ ಮಾತು. ಹೊರಡುವ ಮುಂಚೆ ಎರಡು ಬೆಳಗು ಬಾದಾಮಿಗೆ ಹೋಗಿ. ನಿಮ್ಮೂರಿಗೆ ದೂರವೇನಲ್ಲ. ಸುಮ್ನೆ ಹೇಳುತ್ತಿಲ್ಲ. ಅಂಗ್ಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ಗುಡಿ. 12ನೇ ಶತಮಾನದಲ್ಲಿ ಎರಡನೇ ಸೂರ್ಯವರ್ಮ ಕಟ್ಟಿಸಿದ್ದು. ಪಶ್ಚಿಮದಲ್ಲಿ ನಿಂತರೆ ನಿಮ್ಮ ಮುಂದೆ ನೀರು, ನೀರಿನಾಚೆ ಗುಡಿ, ಗುಡಿಯ ಬೆನ್ನಿಗೆ ಸೂರ್ಯ. ಬಾದಾಮಿಯ ಅಗಸ್ತ್ಯ ತೀರ್ಥದ ಊರ ಕಡೆ ದಂಡೆಯಲ್ಲಿ ನಿಂತು ನೋಡಿ. ಮುಂದೆ ನೀರು, ಆಚೆ ದಂಡೆಯಲ್ಲಿ ಭೂತನಾಥ ಗುಡಿ, ಬೆಳಕು ಅದರ ಹಿಂದಿನಿಂದ. ಅದೇ ಲೆಕ್ಕ, ಅದೇ ಕಷ್ಟ! ಆಕಾಶ ಸರಿ ಬಂದರೆ ಗುಡಿ ಕಪ್ಪಾಗುತ್ತದೆ. ಗುಡಿ ಸರಿ ಬಂದರೆ ಆಕಾಶ ಬಿಳಿ ಬಟ್ಟೆಯಾಗುತ್ತದೆ.

ಕ್ಯಾಮೆರಾವನ್ನು ರಾ ಫೈಲಿಗೆ ಹಾಕಿ, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲು ಬೆಳಕು ತಿದ್ದಿಕೊಳ್ಳಬಹುದು. ಎಕ್ಸ್‌ಪೋಜರ್ ಒಂದು ಸ್ಟಾಪ್ ಕಡಿಮೆ ಇಡಿ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿ. ಕತ್ತಲೆಯಿದ್ದಾಗ, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎನ್ನುವ ಐಎಸ್‌ಒ 1600ಕ್ಕೆ ಏರಿಸಲು ಹೆದರಬೇಡಿ. ಆಮೇಲೆ ಕೆಳಗಿನ ಮೆಟ್ಟಿಲಿಗೆ ಇಳಿದು, ಮೊಣಕೈ ತೊಡೆಗೆ ಒತ್ತಿ ಕೂತು ತೆಗೆಯಿರಿ. ಕ್ಯಾಮೆರಾ ನೀರಿಗೆ ಹತ್ತಿರವಾದಷ್ಟೂ ಗುಡಿಯ ಪ್ರತಿಬಿಂಬ ತುಂಬಿ ಬರುತ್ತದೆ. ಅರಿವೆ ಒಗೆಯುವವರು ಬರುವ ಮುಂಚೆ ಹೋಗಿ, ಆಮೇಲೆ ನೀರು ನಿಲ್ಲುವುದಿಲ್ಲ. ಎರಡು ದಿನ ಹೀಗೆ ಮಾಡಿದರೆ ಕತ್ತಲೆಯಲ್ಲೂ ಬೆರಳಿಗೆ ಗುಂಡಿ ಸಿಗುತ್ತದೆ. ಅಂಗ್ಕೋರಿನಲ್ಲಿ ಬೇಕಾಗುವುದು ಅದೇ, ಯಾಕೆಂದರೆ ಕೊಳದ ದಂಡೆಯಲ್ಲಿ ನೂರಾರು ಜನ ಮೊದಲೇ ನಿಂತಿರುತ್ತಾರೆ. ಮೆನು ಹುಡುಕುತ್ತಾ ಕೂರಲು ಪುರುಸೊತ್ತು ಇರಲ್ಲ.

ಇನ್ನೊಂದು ವಿಷಯ. ಸೂರ್ಯ ನಡುಗೋಪುರದ ನೆತ್ತಿಗೇ ಬರುವ ಚಿತ್ರ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹಗಲು ರಾತ್ರಿ ಸಮ ಆಗುವ ದಿನಗಳ ಆಸುಪಾಸು ಸಿಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ಗೋಪುರದ ಬಲಕ್ಕೆ ಸರಿದು ಹುಟ್ಟುತ್ತಾನೆ. ಬೇಸರ ಬೇಡ, ಗೋಪುರಗಳನ್ನು ಚೌಕಟ್ಟಿನ ಎಡಕ್ಕೆ ಇಟ್ಟರೆ ಚೆನ್ನಾಗಿ ಕೂರುತ್ತದೆ. ಟಿಕೆಟ್ ಒಂದು ದಿನಕ್ಕೆ 37 ಡಾಲರ್, ಮೂರು ದಿನಕ್ಕೆ 62. ಮೂರು ದಿನದ್ದೇ ತಗೊಳ್ಳಿ. ಒಂದು ಬೆಳಗು ಮೋಡ ಕವಿದರೆ ಇನ್ನೊಂದು ಇರುತ್ತದೆ.

ನನಗೆ ಆ ಮೊದಲ ಬೆಳಗು ಸಿಗಲಿಲ್ಲ. ರೂಮಿನಲ್ಲಿ ರಾತ್ರಿಯಿಡೀ ಎಸಿ ಓಡಿತ್ತು. ಕ್ಯಾಮೆರಾ ತಣ್ಣಗಾಗಿತ್ತು. ಚೀಲದ ಜಿಪ್ ಎಳೆದವನು ತೆಗೆದದ್ದು ಕೊಳದ ದಂಡೆಯಲ್ಲೇ. ಹೊರಗಿನ ಬಿಸಿ ಹಸಿ ಗಾಳಿ ತಾಗಿದ್ದೇ ತಡ, ಗಾಜಿನ ಮೇಲೆ ಹಬೆ ಕೂತಿತು. ಒರೆಸಿದೆ, ಮತ್ತೆ ಕೂತಿತು. ಆಕಾಶ ಕೆಂಪಾಗಿ, ಹಳದಿಯಾಗಿ, ಬೆಳ್ಳಗಾಗುವ ತನಕ ಲೆನ್ಸ್ ಬಿಟ್ಟುಕೊಡಲಿಲ್ಲ. ಇವತ್ತಿಗೂ ಆ ಬೆಳಗು ನೆನೆದರೆ ಸಂಕಟ ಆಗುತ್ತದೆ. ಮರುದಿನ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಮುಚ್ಚಿ, ಒಂದು ತಾಸು ಮೊದಲೇ ಎಸಿ ಇಲ್ಲದ ಕಡೆ ಇಟ್ಟೆ. ಹಬೆ ಕವರಿನ ಮೇಲೆ ಕೂತು ಆರಿತು, ಲೆನ್ಸ್ ಸ್ವಚ್ಛ ಉಳಿಯಿತು. ನೀವೂ ಹಾಗೇ ಮಾಡಿ.

ಹಾಗೇ ಒಂದು ಮಾತು, ದುಬಾರಿ ಕ್ಯಾಮೆರಾ ಚೀಲವೂ ಬೇಕಿಲ್ಲ. ನಮ್ಮವ್ವ ಹಳೆ ಇಳಕಲ್ ಸೀರೆಗಳ ಕೌದಿ ಹೊಲಿದಿದ್ದಳು. ಅದರ ಒಂದು ತುಂಡಿನಿಂದಲೇ ಲೆನ್ಸಿಗೆ ಚೀಲ ಮಾಡಿಕೊಟ್ಟಿದ್ದಾಳೆ. ಆರು ಪದರ ಬಟ್ಟೆ, ಒಳಗೆ ಟೋಪತೆನಿ ಸೆರಗಿನ ಕೆಂಪು ತುಂಡು. ಎರಡು ದೇಶ ಸುತ್ತಿದರೂ ಲೆನ್ಸಿಗೆ ಒಂದು ಗೀರು ಬಿದ್ದಿಲ್ಲ.

ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ. ಮಸೀದಿಗಳ ಒಳಗೆ ಕತ್ತಲೆ ಅಂತಾರೆ. ಒಳ್ಳೆಯ ಫ್ಲ್ಯಾಶ್ ಯಾವುದು ಹೇಳಿ ಅಣ್ಣಾ.
– ವಿಜಯಪುರ

ತಂಗೀ, ಫ್ಲ್ಯಾಶ್ ಮನೆಯಲ್ಲೇ ಇರಲಿ. ಅದರ ಬೆಳಕು ಅಷ್ಟೆತ್ತರದ ಗುಮ್ಮಟ ಮುಟ್ಟುವುದಿಲ್ಲ, ಪ್ರಾರ್ಥನೆಗೆ ಕೂತವರ ಕಣ್ಣಿಗೆ ಮಾತ್ರ ಚುಚ್ಚುತ್ತದೆ. ಅಭ್ಯಾಸಕ್ಕೆ ನಿಮ್ಮೂರಲ್ಲೇ ಗೋಲಗುಮ್ಮಟ ಇದೆಯಲ್ವಾ? ಇಸ್ತಾಂಬುಲ್ಲಿನ ಹಾಗಿಯಾ ಸೋಫಿಯಾ ಮಸೀದಿಯ ಗುಮ್ಮಟ ಸುಮಾರು 31 ಮೀಟರ್ ಅಗಲ, ನಮ್ಮದು ಹೊರಗಿನಿಂದ ಅಳೆದರೆ 44 ಮೀಟರ್. ಪಿಸುಗುಟ್ಟುವ ಗ್ಯಾಲರಿಗೆ ಹತ್ತಿ, ಕಟ್ಟೆಗೆ ಒರಗಿ, ಕೆಳಗಿನ ಗೋರಿಗಳನ್ನು ಕೈಯಲ್ಲೇ ಹಿಡಿದು ತೆಗೆಯಿರಿ. ಐಎಸ್‌ಒ 3200, ಅಪರ್ಚರ್ ಅಂದರೆ ಲೆನ್ಸಿನ ಬಾಯಿ ಪೂರ್ತಿ ತೆರೆದು, ಶಟರ್ 1/60 ಸೆಕೆಂಡ್. ಉಸಿರು ಬಿಟ್ಟಾದ ಮೇಲೆ ಗುಂಡಿ ಒತ್ತಿ. ಹಾಗಿಯಾ ಸೋಫಿಯಾದಲ್ಲಿ 2024ರ ಜನವರಿಯಿಂದ ಪ್ರವಾಸಿಗರನ್ನು ಮೇಲಿನ ಗ್ಯಾಲರಿಗೆ ಬಿಡುವ ಪದ್ಧತಿ ಬಂದಿದೆ. ಹಾಗಾಗಿ ಅಲ್ಲೂ ಮೇಲಿನಿಂದ ಕೆಳಗೆ ನೋಡುವ ಚೌಕಟ್ಟೇ ಸಿಗುತ್ತದೆ. ದೀಪಗಳು ಹಳದಿ, ಬಿಳಿ ಬಿಳಿಯಾಗೇ ಬರಲು ವೈಟ್ ಬ್ಯಾಲೆನ್ಸ್ ನೋಡಿಕೊಳ್ಳಿ.

ತಲೆಗೆ ಹೊದೆಯಲು ಒಂದು ದುಪಟ್ಟಾ ಚೀಲದಲ್ಲಿರಲಿ. ಯಾರದಾದರೂ ಮುಖ ತೆಗೆಯುವ ಮುಂಚೆ ಕ್ಯಾಮೆರಾ ತೋರಿಸಿ ‘ಓಲುರ್ ಮು?’ ಅನ್ನಿ. ಆಗಬಹುದಾ ಅಂತ ಅರ್ಥ. ನನಗೆ ಚಹಾ ಅಂಗಡಿಯ ಒಬ್ಬ ಮುದುಕ ಮೊದಲು ಬೇಡ ಎಂದು ಕೈಯಾಡಿಸಿದ. ನಾನು ಕ್ಯಾಮೆರಾ ಕೆಳಗಿಟ್ಟು ಚಹಾ ಕುಡಿದೆ. ಏಳುವಾಗ ಅವನೇ ಟೊಪ್ಪಿಗೆ ಸರಿಮಾಡಿಕೊಂಡು ಕೂತ.

ಸ್ವಿಟ್ಜರ್ಲೆಂಡ್‌ಗೆ ಹೋಗುವವರಿದ್ದೇವೆ. ಬ್ಯಾಟರಿ, ಪವರ್‌ಬ್ಯಾಂಕ್ ಎಲ್ಲಿಡಬೇಕು? ಬರುವಾಗ ಕ್ಯಾಮೆರಾಕ್ಕೆ ಕಸ್ಟಮ್ಸ್ ಸುಂಕ ಕೇಳುತ್ತಾರಾ?
– ಬೆಳಗಾವಿ

ಬಿಡಿ ಬ್ಯಾಟರಿ, ಪವರ್‌ಬ್ಯಾಂಕ್ ಎರಡೂ ಕೈಚೀಲದಲ್ಲೇ. ಚೆಕ್‌ಇನ್ ಸೂಟ್‌ಕೇಸಿಗೆ ಹಾಕುವಂತಿಲ್ಲ. ಒಂದೊಂದಕ್ಕೆ 100 ವಾಟ್ ಅವರ್ ಒಳಗಿದ್ದರೆ ವಿಮಾನದವರ ಒಪ್ಪಿಗೆ ಬೇಕಿಲ್ಲ. 20,000 ಎಂಎಎಚ್ ಪವರ್‌ಬ್ಯಾಂಕ್ 74 ವಾಟ್ ಅವರ್ ಆಗುತ್ತದೆ. ಬ್ಯಾಟರಿಯ ತುದಿಗೆ ಟೇಪ್ ಅಂಟಿಸಿ. ಯೂಂಗ್‌ಫ್ರಾವ್‌ಯೋಖ್ ಎಂಬ ಅಲ್ಲಿನ ಹಿಮಬೆಟ್ಟದ ರೈಲು ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ. ಒಂದನ್ನು ಒಳ ಅಂಗಿಯ ಜೇಬಿನಲ್ಲಿ ಮೈಗೆ ತಾಗಿ ಇಟ್ಟುಕೊಂಡು ಅದಲುಬದಲು ಮಾಡಿ.

ಕ್ಯಾಮೆರಾ ಬಿಲ್ ಪ್ರತಿ ಇಟ್ಟುಕೊಳ್ಳಿ. ದುಬಾರಿ ಸಾಮಾನಾದರೆ ಹೋಗುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಸೀರಿಯಲ್ ನಂಬರ್ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಬರುವಾಗ ಅದನ್ನು ತೋರಿಸಿದರೆ ಇಲ್ಲಿಂದಲೇ ಒಯ್ದದ್ದು ಎಂದು ರುಜುವಾತು ಆಗುತ್ತದೆ.

ಮಗ ದುಬೈಗೆ ಕರೆಸಿಕೊಳ್ಳುತ್ತಿದ್ದಾನೆ. ನನ್ನ ಹತ್ತಿರ ಮೊಬೈಲ್ ಮಾತ್ರ ಇದೆ. ಕ್ಯಾಮೆರಾ ಕೊಡಿಸು ಅಂತ ಅವನಿಗೆ ಕೇಳಲೇ?
– ಅಥಣಿ

ಬೇಡ ಅಕ್ಕಾ, ಮೊಬೈಲೇ ಸಾಕು. ಮೆತ್ತನೆ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸಿಕೊಳ್ಳಿ. ಬುರ್ಜ್ ಖಲೀಫಾ 828 ಮೀಟರ್ ಎತ್ತರ, ಬುಡದಲ್ಲಿ ನಿಂತರೆ ಹಿಡಿಸುವುದಿಲ್ಲ, ದೂರ ಸರಿದು ತೆಗೆಯಿರಿ. ಅಲ್ಲಿ ಗುರುತಿಲ್ಲದವರ ಫೋಟೋ ಕೇಳದೆ ತೆಗೆಯುವುದು ಅಪರಾಧ, ಅದೊಂದು ಗಮನದಲ್ಲಿರಲಿ.

ನಮ್ಮಪ್ಪ ಹಳೇ ಬಾಗಲಕೋಟೆಯಲ್ಲಿ ಸ್ಟುಡಿಯೋ ಇಟ್ಟಿದ್ದರು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಡುವಾಗ ಜನ ಅವರನ್ನು ಕರೆದು ತೆಗೆಸಿಕೊಂಡದ್ದು ಒಲೆ, ಹೊಸ್ತಿಲು, ಬೀಸುವ ಕಲ್ಲು, ಕಟ್ಟೆ ಮೇಲೆ ಕೂತ ಅಜ್ಜಿ. ಆ ಫೋಟೋಗಳ ಪ್ರತಿ ಕೇಳಿಕೊಂಡು ಈಗಲೂ ಮೊಮ್ಮಕ್ಕಳು ನನ್ನ ಅಂಗಡಿಗೆ ಬರುತ್ತಾರೆ. ನೀವೂ ಮಗನ ಅಡುಗೆಮನೆ ತೆಗೆಯಿರಿ. ಅವನು ಕೆಲಸಕ್ಕೆ ಹೋಗುವ ದಾರಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಅವನ ಹಾಸಿಗೆ ಪಕ್ಕದ ಕಿಟಕಿಯಿಂದ ಕಾಣುವುದು, ಎಲ್ಲ. ಮತ್ತೆ ನೀವು ಅಲ್ಲಿ ರೊಟ್ಟಿ ಬಡಿಯುವಾಗ ಮೊಬೈಲ್ ಮಗನ ಕೈಗೆ ಕೊಡಿ.