ಪಾಯಿಂಟರ್ ಎಲ್ಲಿ ನಿಂತಿತು ಎಂಬುದನ್ನು ಪರೀಕ್ಷಿಸಿ

ಮಾನ್ಯರೇ,

ಅಲ್ಪವಿರಾಮಗಳಿರುವ ಸ್ಟ್ರಿಂಗ್‌ನಲ್ಲಿ ಒಂದು ಭಾಗವನ್ನು ದಾಟಿಸಿ, ಮುಂದಿನ ಭಾಗದ ಮೊದಲ ಅಕ್ಷರಕ್ಕೆ ಪಾಯಿಂಟರನ್ನು (ಮೆಮೊರಿಯ ವಿಳಾಸವನ್ನು ಹಿಡಿದಿಡುವ ವೇರಿಯಬಲ್) ಒಯ್ಯುವ ಸಿ ಫಂಕ್ಷನ್ ಮತ್ತು ಅದರ ಪರೀಕ್ಷೆಯನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಫಂಕ್ಷನ್‌ಗೆ ಸಿಗುವುದು ಪಾಯಿಂಟರಿನ ಪ್ರತಿ ಮಾತ್ರ, ಆದ್ದರಿಂದ ಕರೆದವರ ಪಾಯಿಂಟರ್ ಕದಲಬೇಕಾದರೆ ಅದರ ವಿಳಾಸವನ್ನೇ ಕಳುಹಿಸಬೇಕು ಎಂದು ನೀವು ವಿವರಿಸಿದ ಭಾಗದಲ್ಲಿ ಒಂದು ಪದವನ್ನೂ ನಾನು ತಿದ್ದುವುದಿಲ್ಲ. ಪರೀಕ್ಷೆಯ ಭಾಗವನ್ನು ಮಾತ್ರ ಈಗಿರುವಂತೆ ಪ್ರಕಟಿಸಲಾರೆ.

‘5,77’ ಎಂಬ ಸ್ಟ್ರಿಂಗ್ ಕೊಟ್ಟು, ಕೊನೆಗೆ ಪಾಯಿಂಟರ್ ತೋರಿಸುವ ಅಕ್ಷರ 7 ಆಗಿದ್ದರೆ ಪರೀಕ್ಷೆ ಗೆದ್ದಿತು ಎಂದಿದ್ದೀರಿ. ಫಂಕ್ಷನ್ ತಪ್ಪಿ ಒಂದು ಹೆಜ್ಜೆ ಹೆಚ್ಚು ಹೋದರೂ ಅಲ್ಲಿರುವುದು ಎರಡನೆಯ 7; ಆ ತಪ್ಪು ನಿಮ್ಮ ಪರೀಕ್ಷೆಗೆ ಕಾಣುವುದೇ ಇಲ್ಲ. ಪಾಯಿಂಟರಿನಿಂದ ಸ್ಟ್ರಿಂಗ್‌ನ ಆರಂಭವನ್ನು ಕಳೆದು, ಬಂದ ಅಂತರ 2 ಹೌದೇ ಎಂದು ಕೇಳಿ.

ಇದಕ್ಕಿಂತ ದೊಡ್ಡ ಕೊರತೆ ಸ್ಟ್ರಿಂಗಿನ ಕೊನೆಯ ಭಾಗವನ್ನು ದಾಟಿಸುವಲ್ಲಿದೆ. ನಿಮ್ಮ ಲೂಪ್ ಅಲ್ಪವಿರಾಮವನ್ನು ಮಾತ್ರ ಹುಡುಕುತ್ತದೆ. ‘77’ ಎಂದಷ್ಟೇ ಕೊಟ್ಟರೆ ಅದು ಸ್ಟ್ರಿಂಗಿನ ಅಂತ್ಯವನ್ನು ಸೂಚಿಸುವ ನಲ್ ಕ್ಯಾರೆಕ್ಟರನ್ನೂ ದಾಟಿ ತನ್ನದಲ್ಲದ ಮೆಮೊರಿಯನ್ನು ಓದುತ್ತದೆ. ಲೂಪ್‌ನಲ್ಲಿ ನಲ್‌ನ ತಪಾಸಣೆ ಸೇರಿಸಿದರೂ ಸಾಲದು, ಏಕೆಂದರೆ ಲೂಪ್ ಮುಗಿದ ಮೇಲೆ ನೀವು ಯಾವ ಷರತ್ತೂ ಇಲ್ಲದೆ ಪಾಯಿಂಟರನ್ನು ಇನ್ನೊಂದು ಹೆಜ್ಜೆ ಮುಂದಿಡುತ್ತೀರಿ. ನಿಂತ ಜಾಗದಲ್ಲಿ ಅಲ್ಪವಿರಾಮ ಇದ್ದರೆ ಮಾತ್ರ ಆ ಹೆಜ್ಜೆ ಇಡಬೇಕು. ಇಲ್ಲಿ ಸರಿಯಾದ ಅಂತರ 2, ಮತ್ತು ಫಂಕ್ಷನನ್ನು ಮತ್ತೊಮ್ಮೆ ಕರೆದರೂ ಅದು 2 ಆಗಿಯೇ ಉಳಿಯಬೇಕು. ಖಾಲಿ ಸ್ಟ್ರಿಂಗ್‌ಗೆ ಅಂತರ 0.

ಮಿತಿ ಮೀರಿ ಓದುವುದು ಸಿ ಭಾಷೆಯಲ್ಲಿ ಅನ್‌ಡಿಫೈನ್ಡ್ ಬಿಹೇವಿಯರ್ (ಏನಾಗಬೇಕೆಂದು ಭಾಷೆ ಹೇಳದ ವರ್ತನೆ) ಆದ್ದರಿಂದ, ನಿಮ್ಮ ಯಂತ್ರದಲ್ಲಿ ಪರೀಕ್ಷೆ ಗೆದ್ದದ್ದು ಯಾವುದಕ್ಕೂ ಸಾಕ್ಷಿಯಲ್ಲ. ‘77’ಕ್ಕೆ ಮ್ಯಾಲಾಕ್‌ನಿಂದ ಸರಿಯಾಗಿ 3 ಬೈಟ್ ಮೆಮೊರಿ (ಎರಡು ಅಂಕಿ, ಒಂದು ನಲ್) ಪಡೆದು, ಸಿ ಕಂಪೈಲರುಗಳಾದ ಜಿಸಿಸಿ ಅಥವಾ ಕ್ಲ್ಯಾಂಗ್‌ನ ಅಡ್ರೆಸ್‌ಸ್ಯಾನಿಟೈಸರ್ (ಮೆಮೊರಿ ತಪ್ಪುಗಳನ್ನು ಹಿಡಿಯುವ ಸಾಧನ) ಜೊತೆ ಕಂಪೈಲ್ ಮಾಡಿ; ನಾಲ್ಕನೆಯ ಬೈಟನ್ನು ಮುಟ್ಟಿದೊಡನೆ ಅದು ಪ್ರೋಗ್ರಾಮನ್ನು ನಿಲ್ಲಿಸಿ ವರದಿ ಕೊಡುತ್ತದೆ. ಪಡೆದ ಮೆಮೊರಿಯನ್ನು ಫ್ರೀ ಮಾಡುವಾಗ (ಮರಳಿಸುವಾಗ) ಮುಂದೆ ಸರಿದ ಪಾಯಿಂಟರನ್ನಲ್ಲ, ಎತ್ತಿಟ್ಟುಕೊಂಡ ಆರಂಭದ ಪಾಯಿಂಟರನ್ನು ಕೊಡಬೇಕೆಂದೂ ಬರೆಯಿರಿ.

ಪಾಯಿಂಟರ್ ಕದಲದೇ ಇರುವುದೂ ಒಂದು ಫಲಿತಾಂಶವೇ ಎಂದು ತೋರಿಸಲು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಸ್ಟ್ರಿಂಗಿನಿಂದ ಸಂಖ್ಯೆಯನ್ನು ಓದುವ ಸ್ಟ್ರ್‌ಟಾಲ್ ಒಳ್ಳೆಯ ಉದಾಹರಣೆ: ಓದಲು ಸಂಖ್ಯೆಯೇ ಸಿಗದಿದ್ದರೆ ಅದು ಓದು ಎಲ್ಲಿ ನಿಂತಿತೆಂದು ತಿಳಿಸುವ ಕೊನೆಯ ಪಾಯಿಂಟರಿನಲ್ಲಿ ಆರಂಭದ ವಿಳಾಸವನ್ನೇ ಇಡುತ್ತದೆ.

ಈಗಿನ ಫಂಕ್ಷನ್ ಮೇಲೆ ಈ ಹೊಸ ಪರೀಕ್ಷೆಗಳು ಸೋಲುವುದನ್ನು ಮೊದಲು ತೋರಿಸಿ, ಅನಂತರ ತಿದ್ದುಪಡಿಯನ್ನು ವಿವರಿಸಿ ಲೇಖನವನ್ನು ಮರಳಿ ಕಳುಹಿಸಿ; ನಾನೇ ಓದುತ್ತೇನೆ.

ಇತಿ,
ಸಂಪಾದಕ