ಆ ಹನ್ನೆರಡು ಸಾಲು ಎಲ್ಲಿ ಹೋದವು?

ಕಾರಟಗಿಯ ನಿವೃತ್ತ ಮಾಸ್ತರರೊಬ್ಬರು ನಮ್ಮ ಅಕ್ಟೋಬರ್ ಸಂಚಿಕೆ ಓದಿ ಮೂರು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಿಟ್ಟೆಲ್ಲ ‘ಹಳೇ ಕಂಪ್ಯೂಟರ್‌ಗೆ ಕೈ ಮುಗಿಯಿರಿ’ ಎಂಬ ಲೇಖನದ ಮೇಲೆ. ಕಂಪ್ಯೂಟರ್ ನಡೆಸುವ ಮೈಕ್ರೋಸಾಫ್ಟ್ ತಂತ್ರಾಂಶ ವಿಂಡೋಸ್ 10ರ ಕಾಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಗೊಳ್ಳಿ ಎಂದು ಅದರಲ್ಲಿ ಬರೆದಿದ್ದೆವು. ಅವರ ಪತ್ರದ ಕೆಲವು ಸಾಲು:

“ಎಡಗಡೆ ಪುಟದಲ್ಲಿ ಲೇಖನ. ಬಲಗಡೆ ಪುಟದಲ್ಲಿ ಕಂಪ್ಯೂಟರ್ ಅಂಗಡಿಯ ಎಕ್ಸ್‌ಚೇಂಜ್ ಆಫರ್. ಇದರಲ್ಲಿ ಜಾಹೀರಾತು ಯಾವುದು ಅಜ್ಜ ಅಂತ ಮೊಮ್ಮಗಳು ಕೇಳಿದಳು. ಎಷ್ಟು ತಗೊಂಡಿರಿ? ನನ್ನ 2016ರ ಕಂಪ್ಯೂಟರ್ ಅಕ್ಟೋಬರ್ 14 ಕಳೆದ ಮೇಲೂ ಚೆನ್ನಾಗಿಯೇ ನಡೀತಾ ಇದೆ. ಏನೂ ಆಗಿಲ್ಲ, ಆಗೋದೂ ಇಲ್ಲ. ಮೈಕ್ರೋಸಾಫ್ಟ್‌ನವರು ಹೆದರಿಸಿದರು, ನೀವು ಡಂಗುರ ಹೊಡೆದಿರಿ. ವಿಂಡೋಸ್ ಬದಲು ಪುಕ್ಕಟೆ ಹಾಕಿಕೊಳ್ಳುವ ಲಿನಕ್ಸ್ ಎಂಬುದೊಂದಿದೆ ಎಂದು ಒಂದು ಮಾತು ಬರೆದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?”

ಮಾಸ್ತರರೇ, ನಮಸ್ಕಾರ.

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. ಲೇಖನಕ್ಕೆ ಯಾರಿಂದಲೂ ಒಂದು ರೂಪಾಯಿ ತಗೊಂಡಿಲ್ಲ. ಜಾಹೀರಾತಿಗೆ ತಗೊಂಡಿದ್ದೇವೆ, ಎಲ್ಲರಿಂದ ತಗೊಳ್ಳುವಷ್ಟೇ. ಇಷ್ಟು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ನಿಮ್ಮ ಪತ್ರ ಬಂದ ದಿನ, ಸುಮ್ನೆ ಇರಲಾರದೆ, ಲೇಖಕ ಕಳಿಸಿದ್ದ ಮೂಲ ಪ್ರತಿ ತೆಗೆದು ನೋಡಿದೆ. ಯಾಕಾದರೂ ನೋಡಿದೆನೋ ಅನ್ನಿಸಿತು.

ಬರೆದವನು ಇಂಜಿನಿಯರಿಂಗ್ ಓದುವ ಹುಡುಗ. ಅವನು ಕೊಟ್ಟ ತಲೆಬರಹ ‘ಹಳೇ ಕಂಪ್ಯೂಟರ್‌ಗೆ ಕೈ ಮುಗಿಯಬೇಕಾ?’ ಎಂದಿತ್ತು. ಅದನ್ನು ‘ಮುಗಿಯಿರಿ’ ಮಾಡಿದವನು ನಾನು. ತಲೆಬರಹದಲ್ಲಿ ಅನುಮಾನ ಇರಬಾರದು ಎಂಬುದು ನನ್ನ ಹಳೇ ಚಟ. ಲೇಖನದ ಕೊನೆಗೆ ಹನ್ನೆರಡು ಸಾಲು ಇದ್ದವು. ಹೊಸದು ಕೊಳ್ಳಲು ಆಗದವರು ಏನು ಮಾಡಬೇಕು ಎಂದು ಅವನು ಅಲ್ಲಿ ಬರೆದಿದ್ದ. ಅವನ್ನು ತೆಗೆದವನೂ ನಾನೇ. ಜಾಹೀರಾತು ಕೊನೇ ಗಳಿಗೆಯಲ್ಲಿ ಬಂತು. ಒಂದೂಕಾಲು ಪುಟದ ಲೇಖನವನ್ನು ಒಂದು ಪುಟಕ್ಕೆ ಇಳಿಸಬೇಕಾಯಿತು. ಜಾಗ ಸಾಲದಿದ್ದರೆ ಕೊನೆಯಿಂದ ಕತ್ತರಿಸುವುದು ನಮ್ಮ ಕಸುಬಿನ ರೂಢಿ. “ಎರಡೂ ಕಂಪ್ಯೂಟರ್ ವಿಷಯ, ಎದುರುಬದುರು ಇರಲಿ, ಚಂದ ಕಾಣುತ್ತೆ” ಅಂತ ನಾನೇ ಹೇಳಿದ್ದೆನಂತೆ. ಪುಟ ಕಟ್ಟುವ ಹುಡುಗಿಗೆ ನೆನಪಿದೆ. ನನಗೆ ಮರೆತೇ ಹೋಗಿತ್ತು.

ಲಂಚ ತಗೊಂಡಿದ್ದರೆ ನೆನಪಾದರೂ ಇರುತ್ತಿತ್ತು, ಅಲ್ವಾ?

ಆ ಹನ್ನೆರಡು ಸಾಲಿನ ತಿರುಳನ್ನು ಈಗ ಹಾಕುತ್ತಿದ್ದೇನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ನಿಂತುಹೋಗಲಿಲ್ಲ. ಪುಕ್ಕಟೆಯಾಗಿ ಬರುತ್ತಿದ್ದ ಸುರಕ್ಷತಾ ಅಪ್‌ಡೇಟ್ ಮಾತ್ರ ನಿಂತಿತು. ಮನೆಯಲ್ಲಿ ಬಳಸುವವರಿಗೆ ಅದನ್ನೂ ಒಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಮುಂದುವರಿಸುವ ದಾರಿ ಇದೆ. 30 ಡಾಲರ್ ಕಟ್ಟಬಹುದು. ಇಲ್ಲವೇ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಕಂಪ್ಯೂಟರ್‌ನ ಸೆಟ್ಟಿಂಗ್ಸ್ ಅವರಲ್ಲಿ ಬ್ಯಾಕಪ್ ಆಗಲು ಬಿಟ್ಟರೆ ದುಡ್ಡೇ ಬೇಡ. ಇದು ಕಂಪನಿಯೇ ಹೇಳಿದ ಮಾತು, ಗುಟ್ಟೇನಲ್ಲ. ನಮ್ಮ ಓದುಗರಿಗೆ ಜಾಸ್ತಿ ಬೇಕಾಗಿದ್ದದ್ದು ಇದೇ. ನಾವು ಕತ್ತರಿಸಿದ್ದೂ ಇದನ್ನೇ.

ಉಳಿಸಿಕೊಂಡ ಭಾಗದಲ್ಲಿ ಏನಿತ್ತು ಗೊತ್ತಾ? ‘ವಿಂಡೋಸ್ 11 ಕಂಪ್ಯೂಟರ್‌ಗಳು 2.3 ಪಟ್ಟು ವೇಗ’ ಎಂಬ ಸಾಲು, ಅದೂ ದಪ್ಪ ಅಕ್ಷರದಲ್ಲಿ. ನೀವು ಇದನ್ನು ಹಿಡಿಯಲಿಲ್ಲ, ನಾನೇ ಹಿಡಿದುಕೊಡುತ್ತೇನೆ. 2.3 ಪಟ್ಟಿನವರೆಗೆ ವೇಗ ಎಂದು ಮೈಕ್ರೋಸಾಫ್ಟ್ 2025ರಲ್ಲಿ ಹೇಳಿದ್ದು ನಿಜ. ಅದರ ಅಡಿಟಿಪ್ಪಣಿ ಓದಬೇಕು. ವಿಂಡೋಸ್ 10 ಹಾಕಿದ್ದು ಇಂಟೆಲ್‌ನ 6, 8 ಮತ್ತು 10ನೇ ತಲೆಮಾರಿನ ಹಳೇ ಪ್ರೊಸೆಸರ್‌ಗಳ ಮೇಲೆ. ವಿಂಡೋಸ್ 11 ಹಾಕಿದ್ದು 12 ಮತ್ತು 13ನೇ ತಲೆಮಾರಿನ ಪ್ರೊಸೆಸರ್‌ಗಳ ಮೇಲೆ. ಅಂದರೆ ಲೂನಾದವನಿಗೂ ಬುಲೆಟ್‌ನವನಿಗೂ ರೇಸ್ ಇಟ್ಟು, “ನೋಡಿ, ನಮ್ಮ ಹೊಸ ಹೆಲ್ಮೆಟ್ ಹಾಕಿಕೊಂಡವನೇ ಗೆದ್ದ” ಎಂದ ಹಾಗೆ. ಕಂಪನಿ ಸುಳ್ಳು ಹೇಳಲಿಲ್ಲ. ‘ವಿಂಡೋಸ್ 11 ಕಂಪ್ಯೂಟರ್‌ಗಳು’ ಎಂದೇ ಹೇಳಿತು, ಅಡಿಟಿಪ್ಪಣಿಯನ್ನೂ ಹಾಕಿತು. ಆ ಟಿಪ್ಪಣಿ ಓದದೆ ದಪ್ಪ ಅಕ್ಷರ ಹಾಕಿದ್ದು ನಾವು. ‘ವರೆಗೆ’ ಎಂಬ ಪದವೂ ನಮ್ಮಲ್ಲಿ ಉದುರಿಹೋಗಿತ್ತು.

ಈ ರೋಗ ಇವತ್ತಿನದಲ್ಲ. 1995ರ ಆಗಸ್ಟ್ 24ರಂದು ವಿಂಡೋಸ್ 95 ಬಿಡುಗಡೆಯಾದಾಗ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯ ಆ ದಿನದ ಪ್ರತಿಗಳ ಖರ್ಚನ್ನೆಲ್ಲ ಮೈಕ್ರೋಸಾಫ್ಟ್ ಹೊತ್ತಿತು. ಪತ್ರಿಕೆ ಜನಕ್ಕೆ ಪುಕ್ಕಟೆ ಸಿಕ್ಕಿತು. 2006ರ ಕೊನೆಗೆ, ವಿಸ್ಟಾ ಎಂಬ ಆಗಿನ ಹೊಸ ವಿಂಡೋಸ್ ಅಂಗಡಿಗೆ ಬರುವ ಮುಂಚೆ, ಮೈಕ್ರೋಸಾಫ್ಟ್ ಮತ್ತು ಪ್ರೊಸೆಸರ್ ಮಾಡುವ ಎಎಂಡಿ ಸೇರಿ ಕೆಲವು ಬ್ಲಾಗ್ ಬರಹಗಾರರಿಗೆ ಏಸರ್ ಫೆರಾರಿ ಎಂಬ ದುಬಾರಿ ಲ್ಯಾಪ್‌ಟಾಪ್ ಕಳಿಸಿದವು. ಗಲಾಟೆಯಾಯಿತು. ಬಳಸಿ ನೋಡಿದ ಮೇಲೆ ವಾಪಸ್ ಕೊಡಿ, ಇಲ್ಲವೇ ಯಾರಿಗಾದರೂ ಕೊಟ್ಟುಬಿಡಿ ಎಂದು ಆಮೇಲೆ ಅವರಿಗೆ ಹೇಳಬೇಕಾಯಿತು. ಉಡುಗೊರೆಗಿಂತ ಇಲ್ಲಿ ನನಗೆ ಕಾಣುವುದು ಬೇರೆ. ಅಂಥ ಲ್ಯಾಪ್‌ಟಾಪ್‌ನಲ್ಲಿ ವಿಸ್ಟಾ ಸಲೀಸಾಗಿ ಓಡುತ್ತದೆ. ವಿಸ್ಟಾ ಕೊಂಡ ಎಷ್ಟೋ ಮನೆಗಳ ಸಾದಾ ಕಂಪ್ಯೂಟರ್‌ನಲ್ಲಿ ತೆವಳಿತು. ಭತ್ತದ ಊರು ಗಂಗಾವತಿಯಲ್ಲಿ ಕೂತವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೀಲದ ಬಾಯಲ್ಲಿ ಒಳ್ಳೇ ಸೋನಾ ಮಸೂರಿ ಇರುತ್ತೆ, ನುಚ್ಚು ತಳದಲ್ಲಿರುತ್ತೆ. ವ್ಯಾಪಾರಸ್ಥ ಚೀಲದ ನಡುವಿಗೆ ಚುಚ್ಚಿ ಕಾಳು ತೆಗೆದು ನೋಡುತ್ತಾನೆ. ನಾವು ಪತ್ರಿಕೆಯವರು ಬಾಯಲ್ಲಿದ್ದ ಹಿಡಿಯನ್ನೇ ನೋಡಿ ‘ಭೇಷ್’ ಅಂದೆವು.

ನಡುವಿಗೆ ಚುಚ್ಚುವುದು ಅಂದರೆ ಇಲ್ಲಿ ಏನು? ರೈಸ್ ಮಿಲ್ಲಿನ ಟ್ಯಾಲಿ ಹೊಸ ವಿಂಡೋಸ್‌ನಲ್ಲಿ ಸರಿಯಾಗಿ ತೆರೆಯುತ್ತಾ? ವೇ ಬ್ರಿಜ್ ಕಾಟಾದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಚೀಟಿ ಕೊಡುತ್ತಾ? ಡಿಟಿಪಿ ಅಂಗಡಿಯವನ ಹತ್ತು ವರ್ಷದ ನುಡಿ ಫೈಲುಗಳು ಕನ್ನಡವಾಗಿಯೇ ಕಾಣುತ್ತಾ? ನಮ್ಮ ಲೇಖನದಲ್ಲಿ ಇದ್ಯಾವುದೂ ಇರಲಿಲ್ಲ. ಸ್ಟಾರ್ಟ್ ಬಟನ್ ನಡುವಿಗೆ ಬಂದಿದೆ, ಕಿಟಕಿಗಳ ಮೂಲೆ ದುಂಡಗಾಗಿದೆ ಎಂದಿತ್ತು. ಅದು 2021ರ ಸುದ್ದಿ!

ಇನ್ನೊಂದು ಮಾತು, ನಗಬೇಡಿ. ಹೊಸ ವಿಂಡೋಸ್‌ನ ಗುಣಗಾನ ಮಾಡಿದ ಆ ಪುಟವನ್ನು ಕಟ್ಟಿದ್ದು ವಿಂಡೋಸ್ 7 ಕಂಪ್ಯೂಟರ್‌ನಲ್ಲಿ. ಅದರ ಅಪ್‌ಡೇಟ್ ನಿಂತಿದ್ದು 2020ರ ಜನವರಿ 14ಕ್ಕೆ. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ ಅದರಲ್ಲಿದೆ, ನಮ್ಮ ಹಳೇ ಫಾಂಟುಗಳೂ ಅದರಲ್ಲೇ ಇವೆ. ನೆಟ್ ಕೊಟ್ಟಿಲ್ಲ. ಪುಟಗಳು ಪೆನ್‌ಡ್ರೈವ್‌ನಲ್ಲಿ ಪ್ರೆಸ್ಸಿಗೆ ಹೋಗುತ್ತವೆ. ಊರಿಗೆಲ್ಲ ಹೊಸದು ತಗೊಳ್ಳಿ ಎಂದ ನಾವು ಅದನ್ನು ಮುಟ್ಟುವ ಧೈರ್ಯ ಮಾಡಿಲ್ಲ.

ಇನ್ನು ನಿಮ್ಮ ಜೊತೆ ಜಗಳ. ‘ಏನೂ ಆಗೋದಿಲ್ಲ’ ಎಂದು ಬರೆದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪಿಡುಗು ಬಂತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಪಕ್ಕದ ಆಂಧ್ರದ ಕೆಲವು ಪೊಲೀಸ್ ಕಂಪ್ಯೂಟರ್‌ಗಳಿಗೂ ತಟ್ಟಿತ್ತು. ನಿಮ್ಮ ಮೊಮ್ಮಗಳು ಆ ಕಂಪ್ಯೂಟರ್‌ನಲ್ಲೇ ಅರ್ಜಿ ಹಾಕುತ್ತಾಳೆ, ಬ್ಯಾಂಕಿನ ಕೆಲಸ ಮಾಡುತ್ತಾಳೆ ಎಂದೂ ಪತ್ರದಲ್ಲಿದೆ. ಹಾಗಿದ್ದರೆ ಅಪ್‌ಡೇಟ್ ಇಲ್ಲದೆ ವರ್ಷಗಟ್ಟಲೆ ಓಡಿಸುವುದು ಬೇಡ.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕೆನ್ನುವುದು ಹೊಸ ಕಂಪ್ಯೂಟರ್ ಮಾರುವ ಆಟ ಎಂದಿದ್ದೀರಿ. ಅರ್ಧ ಒಪ್ಪುತ್ತೇನೆ. ಡಿಸ್ಕಿಗೆ ಹಾಕಿದ ಬೀಗದ ಕೀಲಿಯನ್ನು ಆ ಚಿಪ್ ಕಾಯುತ್ತದೆ, ಕಳ್ಳನ ಕೈಗೆ ಸಿಗದಂತೆ ನೋಡಿಕೊಳ್ಳುತ್ತದೆ. ಅದು ಕೆಲಸಕ್ಕೆ ಬರುವ ವಸ್ತುವೇ. ಆದರೆ ಇಂಟೆಲ್‌ನಲ್ಲಿ 8ನೇ ತಲೆಮಾರಿಗಿಂತ ಹಳೆಯದು ಹೆಚ್ಚುಕಡಿಮೆ ಯಾವುದೂ ನಡೆಯದು ಎಂದು ಗೆರೆ ಎಳೆದರಲ್ಲ, ಆ ಗೆರೆಯಿಂದ ಎಷ್ಟು ಒಳ್ಳೇ ಕಂಪ್ಯೂಟರ್ ಗುಜರಿಗೆ ಹೋಗಬಹುದು ಎಂದು ನಾವು ಕೇಳಬೇಕಿತ್ತು. ಕೇಳಲಿಲ್ಲ.

ಲಿನಕ್ಸ್ ಬಗ್ಗೆ ನಿಮ್ಮ ಮಾತು ಸರಿ. ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 24.04ಕ್ಕೆ ಐದು ವರ್ಷ ಅಪ್‌ಡೇಟ್ ಪುಕ್ಕಟೆ ಸಿಗುತ್ತದೆ, ಯೂನಿಕೋಡ್ ಕನ್ನಡ ಚೆನ್ನಾಗಿಯೇ ಮೂಡುತ್ತದೆ. ನಿಮ್ಮ ಕಂಪ್ಯೂಟರ್ ಅದನ್ನು ಎಳೆದೀತು. ಆದರೆ ‘ಎಲ್ಲಕ್ಕೂ ಲಿನಕ್ಸ್ ಸಾಕು’ ಎಂದಿದ್ದೀರಲ್ಲ, ಅದೂ ಡಂಗುರವೇ ಸರ್. ನಮ್ಮ ಪೇಜ್‌ಮೇಕರ್ ಅಲ್ಲಿ ನೇರವಾಗಿ ಓಡುವುದಿಲ್ಲ. ಈ ವರ್ಷ ಲಿನಕ್ಸ್ ಮನೆಮನೆಗೆ ಬರುತ್ತದೆ ಎಂದು ಅದರ ಅಭಿಮಾನಿಗಳು ಎಷ್ಟು ವರ್ಷದಿಂದ ಹೇಳುತ್ತಿದ್ದಾರೋ ಲೆಕ್ಕ ಇಟ್ಟವರಿಲ್ಲ.

ಅಂಗಡಿಯವರಿಗೆ ವಿಷಯ ತಿಳಿಸಿದ್ದೇನೆ. ಇನ್ನು ಮುಂದೆ ಅವರ ಜಾಹೀರಾತು ಕಂಪ್ಯೂಟರ್ ಲೇಖನದ ಎದುರು ಬರುವುದಿಲ್ಲ. “ಹಾಗಾದ್ರೆ ರೇಟು ಕಮ್ಮಿ ಮಾಡ್ರಿ” ಎಂದರು. ಮಾಡಿದೆ. ಹುಡುಗನ ಹತ್ತಿರ ತಪ್ಪಾಯಿತು ಎಂದೆ. ಅವನು ಹನ್ನೆರಡು ಸಾಲು ಹೋದದ್ದನ್ನು ಗಮನಿಸಿದ್ದನಂತೆ. “ಸಂಪಾದಕರು ತೆಗೆದಿದ್ದಾರೆ ಅಂದ್ರೆ ಏನೋ ಕಾರಣ ಇರುತ್ತೆ ಅಂದ್ಕೊಂಡೆ” ಎಂದ. ನಿಮ್ಮ ಪತ್ರದ ಬೈಗುಳಕ್ಕಿಂತ ಆ ಮಾತೇ ಜಾಸ್ತಿ ಚುಚ್ಚಿತು.

ನಿಮ್ಮ ಕಂಪ್ಯೂಟರ್‌ನಲ್ಲಿ ವಿಂಡೋಸ್ 10ರ 22ಎಚ್2 ಆವೃತ್ತಿ ಇದೆಯಾ ನೋಡಿಸಿ. ಅದು ಇದ್ದರೇ ಒಂದು ವರ್ಷದ ಆ ಸೌಲಭ್ಯ ಸಿಗುವುದು. ಸೆಟ್ಟಿಂಗ್ಸ್ ಒಳಗಿನ ವಿಂಡೋಸ್ ಅಪ್‌ಡೇಟ್‌ನಲ್ಲಿ ಅದಕ್ಕೆ ಹೆಸರು ಹಚ್ಚುವ ಕೊಂಡಿ ಬರುತ್ತದೆ. ಮೊಮ್ಮಗಳಿಗೆ ಹೇಳಿದರೆ ಸಾಕು. ಆಗದಿದ್ದರೆ ಗಂಗಾವತಿಗೆ ಬಂದಾಗ ಸಿಪಿಯು ಡಬ್ಬಿ ಹೊತ್ತುಕೊಂಡು ಆಫೀಸಿಗೇ ಬನ್ನಿ. ಆ ಹುಡುಗ ಶನಿವಾರ ಮಧ್ಯಾಹ್ನ ಇರುತ್ತಾನೆ. ಚಹಾ ನನ್ನ ಲೆಕ್ಕದಲ್ಲಿ.

— ಸಂಪಾದಕ